ಬಚ್ಚಲುಮನೆಯ ಚಿನ್ನ, ತಾರಸಿಯ ಹಪ್ಪಳ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಹೆಂಡತಿ ಇರುವಾಗ ಅವಳಿಗೆ ನೋವಾಗುತ್ತದೆ ಎಂದುಕೊಂಡೆ. ಅವಳು ಹೋದ ಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಆಪರೇಷನ್ ಆಗಿ ಅಕ್ಷರ ಚೆನ್ನಾಗಿ ಕಾಣತೊಡಗಿದ ಮೇಲೆ ನೆಪಗಳು ಮುಗಿದವು. ಈಚೆಗೆ ನಮ್ಮ ಬೀದಿಯ ಕೆಲವು ತರುಣರು ಮನೆಗೆ ಬಂದಿದ್ದರು. ಹಳೆಯ ಕಂಪ್ಯೂಟರಿನ ಬೋರ್ಡುಗಳಿಂದ ಮನೆಯಲ್ಲೇ ಚಿನ್ನ ತೆಗೆಯಬಹುದೆಂದು ಫೋನಿನಲ್ಲಿ ವಿಡಿಯೊ ನೋಡಿದ್ದರಂತೆ. ನೀವು ಆ ಕೆಲಸ ಮಾಡಿದವರಂತಲ್ಲ, ಹೇಗೆ ಮಾಡೋದು ಹೇಳಿಕೊಡಿ ಎಂದರು. ತಲೆನೋವೆಂದು ಹೇಳಿ ಕಳಿಸಿಬಿಟ್ಟೆ. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರ ಇದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯ ಗಿಲೀಟು ವಿಭಾಗದಲ್ಲಿದ್ದೆ. ಟೆಲಿಫೋನಿನಂಥ ಯಂತ್ರಗಳೊಳಗೆ ಹೋಗುವ ಪುಟ್ಟ ಪುಟ್ಟ ಪಿನ್ನುಗಳಿಗೆ ತೆಳ್ಳಗೆ ಚಿನ್ನ ಹತ್ತಿಸುವುದು ನಮ್ಮ ಕೆಲಸ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕಾರ್ಖಾನೆಗೆ ಬೀಗ ಬಿತ್ತು. ಬೇರೆ ಕಡೆ ಕೆಲಸ ಕೇಳಿಕೊಂಡು ಅಲೆಯುತ್ತಿದ್ದಾಗ ಒಂದು ದಿನ ಕಾಟನ್‌ಪೇಟೆಯ ಗುಜರಿ ಅಂಗಡಿಯ ಮುಂದೆ ಗೋಣಿಚೀಲದ ತುಂಬ ಅಂಥವೇ ಪಿನ್ನುಗಳು ಕಂಡವು. ಅಂಗಡಿಯವರು ಅವನ್ನು ಬರಿಯ ಹಿತ್ತಾಳೆಯೆಂದು ಮಾರುತ್ತಿದ್ದರು. ಹತ್ತಿಸಲು ಬಂದವನಿಗೆ ಬಿಡಿಸಲು ಬಾರದೆ ಇರುತ್ತದೆಯೇ ಎಂದುಕೊಂಡು ಒಂದು ಚೀಲ ಹೊತ್ತು ಮನೆಗೆ ತಂದೆ.

ಬರಲಿಲ್ಲ. ಹಾಕುವ ಕೆಲಸವೇ ಬೇರೆ, ತೆಗೆಯುವ ಕೆಲಸವೇ ಬೇರೆ. ನನಗೆ ಅದನ್ನು ಕಲಿಸಿದವರು ರುದ್ರಾಚಾರ್ ಎಂಬ ಹಿರಿಯರು. ನಗರ್ತಪೇಟೆಯ ಒಂದು ಸಂದಿಯಲ್ಲಿ ಹಳೆಯ ಒಡವೆ ಕರಗಿಸಿ ಶುದ್ಧ ಮಾಡುತ್ತಿದ್ದರು. ಕೋಪಿಷ್ಠರು. ಒಂದು ವಿಷಯವನ್ನು ಎರಡನೆಯ ಸಲ ಕೇಳಿದರೆ ಚಿಮಟ ಎತ್ತಿ ಕುಲುಮೆಯ ಕಟ್ಟೆಗೆ ಕುಟ್ಟುತ್ತಿದ್ದರು. ಹಾಗಾಗಿ ಅರ್ಥವಾಗದಿದ್ದರೂ ಆಯಿತು ಎಂದು ತಲೆಯಾಡಿಸಿ ಬರುವುದು ನನಗೆ ಅಭ್ಯಾಸವಾಯಿತು. ಈ ಕೆಲಸಕ್ಕೆ ಬರುವವರು ಈ ಅಭ್ಯಾಸವನ್ನು ಮೊದಲು ಬಿಡಬೇಕು. ಬೈಸಿಕೊಂಡರೂ ಪರವಾಗಿಲ್ಲ, ಎರಡನೆಯ ಸಲ ಕೇಳಬೇಕು.

ನನ್ನ ಮೊದಲ ಎಡವಟ್ಟು ಅಲ್ಲಿಂದಲೇ ಹುಟ್ಟಿತು. ಆಸಿಡ್‌ನಲ್ಲಿ ಕರಗಿಸಿದ ಚಿನ್ನವನ್ನು ಮತ್ತೆ ತಳಕ್ಕೆ ಇಳಿಸುವ ವಿಧಾನವನ್ನು ಆಚಾರ್ ಹೇಳಿಕೊಟ್ಟಿದ್ದರು. ಹೇಳಿದಂತೆ ಮಾಡಿದೆ. ತಳದಲ್ಲಿ ಹಳದಿಯಾಗಿ ಏನಾದರೂ ಹೊಳೆಯುತ್ತದೆಂದು ಕಾದೆ. ಕಂದು ಬಣ್ಣದ ಕೆಸರು ಕೂತಿತು. ಎಲ್ಲ ಕೆಟ್ಟುಹೋಯಿತೆಂದು ಅದನ್ನು ಬಚ್ಚಲಿಗೆ ಸುರಿದು, ಮೇಲೆ ನೀರು ಹುಯ್ದು, ಬೇಸರದಿಂದ ನಗರ್ತಪೇಟೆಗೆ ಹೋದೆ. ಆಚಾರ್ ಕೇಳಿ ಚಿಮಟ ಕೆಳಗಿಟ್ಟರು.

"ಹಳದಿ ಹುಡುಕ್ತಾ ಕೂತಿದ್ಯಾ? ಪುಡಿಯಾಗಿ ಇಳಿದಾಗ ಅದು ಕಾಫಿ ಚರಟದ ಥರಾನೇ ಇರತ್ತೆ ಕಣಯ್ಯ. ಹೋಗು, ಮೋರಿಗೆ ಇಳಿ."

ಇಳಿದೆ. ವಠಾರದ ಹಿಂದಿನ ಮೋರಿಯ ಹೂಳನ್ನೆಲ್ಲ ಬಾಣಲೆಯಲ್ಲಿ ತುಂಬಿ ತುಂಬಿ ಮನೆಯೊಳಗೆ ಸಾಗಿಸಿದೆ. ಕೈಗೆ ಬಂದದ್ದು ಸ್ವಲ್ಪವೇ. ಆದರೆ ಮೋರಿ ಅಷ್ಟು ಚೊಕ್ಕವಾದದ್ದು ಕಂಡು ವಠಾರದ ಹಿರಿಯರೊಬ್ಬರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಕಾರ್ಪೊರೇಷನ್ನಿನವರು ಮಾಡದ ಕೆಲಸವನ್ನು ನಮ್ಮ ಶೀನ ಮಾಡಿದ ಎಂದರು. ನಾನು ಕೈಮುಗಿದು ನಕ್ಕೆ. ನನ್ನ ಹೆಂಡತಿ ವಿಶಾಲ ಆ ಹೂಳು ನಾರುತ್ತಿದ್ದ ನಡುಮನೆಯಲ್ಲೇ ಕೂತು ಊಟ ಮಾಡಿದಳು.

ನಮ್ಮ ವಠಾರ ಮಲ್ಲೇಶ್ವರದಲ್ಲಿತ್ತು. ಸಾಲಾಗಿ ಮನೆಗಳು, ಮುಂದೆ ಒಂದೇ ಅಂಗಳ, ಮೇಲೆ ಎಲ್ಲರಿಗೂ ಸೇರಿದ ಒಂದೇ ತಾರಸಿ. ನಮ್ಮದು ಕೊನೆಯ ಮನೆ. ಅಂಥ ಜಾಗದಲ್ಲಿ ಗುಟ್ಟಾಗಿ ಆಸಿಡ್ ಕಾಯಿಸುವವನ ಬದುಕು ಹೇಗಿರುತ್ತದೆ ಎನ್ನುವುದನ್ನು ಆ ತರುಣರಿಗೆ ಹೇಳಬೇಕು. ಅದನ್ನು ಯಾವ ವಿಡಿಯೊದಲ್ಲೂ ತೋರಿಸಲಾರರು. ಬಾಗಿಲು ಬಡಿದರೆ ಮೊದಲು ಹಿತ್ತಿಲ ಕದ ಹಾಕುತ್ತಿದ್ದೆ. ಯಾರಾದರೂ ಕೆಮ್ಮಿದರೆ ಅದು ನೆಗಡಿಯ ಕೆಮ್ಮೋ ನನ್ನ ಹೊಗೆಯ ಕೆಮ್ಮೋ ಎಂದು ಕಿವಿಗೊಡುತ್ತಿದ್ದೆ. ಖಾಕಿ ಬಟ್ಟೆಯವರು ಗೇಟಿನ ಬಳಿ ನಿಂತರೆ, ಅವರು ಪೋಸ್ಟ್‌ಮನ್ ಎಂದು ತಿಳಿಯುವವರೆಗೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಆಸಿಡ್ ಬಾಟಲಿಯನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಸೊಪ್ಪು ಹರಡಿ ಸಿಟಿ ಬಸ್ಸಿನಲ್ಲಿ ತರುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತ ಅಜ್ಜಿ, ಮೆಂತ್ಯ ಚೆನ್ನಾಗಿದೆಯಲ್ಲ ಎನ್ನುತ್ತ ಚೀಲದೊಳಗೆ ಕೈಹಾಕಿ ಕಟ್ಟನ್ನು ಎತ್ತಲು ಹೋದರು. ನಾನು ಚೀಲವನ್ನು ಕಿತ್ತುಕೊಂಡ ರೀತಿಗೆ ಬಸ್ಸಿನವರೆಲ್ಲ ತಿರುಗಿ ನೋಡಿದರು. ಮೆಂತ್ಯ ಸೊಪ್ಪಿಗೆ ಹೀಗಾಡೋ ಗಂಡಸನ್ನು ನಾನು ನೋಡಿರಲಿಲ್ಲ ಎಂದು ಅಜ್ಜಿ ಇಳಿಯುವವರೆಗೂ ಗೊಣಗಿದರು.

ಏನು ಕೆಲಸ ಮಾಡುತ್ತೀರಿ ಎಂದು ಕೇಳಿದವರಿಗೆ ಬೆಳ್ಳಿ ಪಾಲಿಶ್ ಎಂದಿದ್ದೆ. ಗೌರಿ ಹಬ್ಬ ಬಂದಾಗ ಇಡೀ ವಠಾರದ ಕುಂಕುಮ ಭರಣಿ, ದೀಪದ ಕಂಬ, ಪಂಚಪಾತ್ರೆಗಳೆಲ್ಲ ನಮ್ಮ ಜಗಲಿಯ ಮೇಲೆ ಬಂದು ಕೂತವು. ನಾನೂ ವಿಶಾಲಳೂ ಹುಣಸೆಹಣ್ಣು, ವಿಭೂತಿ ಹಾಕಿ ರಟ್ಟೆ ಸೋಲುವವರೆಗೆ ಉಜ್ಜಿದೆವು. ಪ್ರತಿ ವರ್ಷವೂ ಉಜ್ಜಿದೆವು.

ಬೆರಳುಗಳದ್ದು ಬೇರೆ ಕಥೆ. ಆಸಿಡ್ ತಾಗಿದ ಚರ್ಮ ಹಳದಿಯಾಗುತ್ತದೆ. ಸೋಪಿಗೂ ಸೀಗೆಪುಡಿಗೂ ಜಗ್ಗುವುದಿಲ್ಲ. ಹಳೆಯ ಚರ್ಮ ಸುಲಿದು ಹೊಸದು ಬರಬೇಕು. ಬೀಡಿ ಹಚ್ಚುತ್ತೀಯೇನೋ ಎಂದು ಕೆಲವರು ಅನುಮಾನಪಟ್ಟರು. ಅದಕ್ಕೂ ಒಂದು ಸುಳ್ಳು ಇಟ್ಟುಕೊಂಡಿದ್ದೆ. ಗಾಯಕ್ಕೆ ಅರಿಶಿನ ಎನ್ನುತ್ತಿದ್ದೆ.

ಕೆಲಸದ ರೀತಿ ಬದಲಾದದ್ದನ್ನೂ ಬರೆಯಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಅದೂ ಕಾರಣ. ಶುರುವಿನಲ್ಲಿ ಸಿಗುತ್ತಿದ್ದ ಹಳೆಯ ಟೆಲಿಫೋನಿನ ಸಾಮಾನಿನಲ್ಲಿ ಚಿನ್ನ ದಪ್ಪಗಿರುತ್ತಿತ್ತು. ಸ್ವಲ್ಪ ಆಸಿಡ್ ಸಾಕಾಗುತ್ತಿತ್ತು. ಕೆಳಗಿನ ತಾಮ್ರ, ಹಿತ್ತಾಳೆ ಕರಗಿ, ಚಿನ್ನದ ಹೊಟ್ಟು ಮೇಲೆ ತೇಲುತ್ತಿತ್ತು. ಬಟ್ಟೆಯಲ್ಲಿ ಸೋಸಿ, ಬಿಳಿಗಾರದ ಪುಡಿ ಹಾಕಿ ಮಣ್ಣಿನ ಮೂಸೆಯಲ್ಲಿ ಕರಗಿಸಿದರೆ ಮುಗಿಯಿತು. ಕಂಪ್ಯೂಟರುಗಳು ಗುಜರಿಗೆ ಬರತೊಡಗಿದ ಮೇಲೆ ಸಾಮಾನು ಹೆಚ್ಚಿತು, ಲೇಪ ತೆಳುವಾಯಿತು. ಅಷ್ಟೇ ಚಿನ್ನಕ್ಕೆ ಹೆಚ್ಚು ಆಸಿಡ್, ಹೆಚ್ಚು ಹೊಗೆ. ಅಲ್ಲಿಯವರೆಗೆ ಮಾಡುತ್ತಿದ್ದಂತೆ ಹಿತ್ತಿಲಲ್ಲಿ ಮಾಡುವುದು ಇನ್ನು ಸಾಧ್ಯವಿರಲಿಲ್ಲ. ಪಕ್ಕದ ಮನೆಯವರು ಕಣ್ಣುರಿ ಎಂದು ಆಗಲೇ ದೂರುತ್ತಿದ್ದರು.

ಆಗ ನನಗೆ ಬಚ್ಚಲುಮನೆಯ ಉಪಾಯ ಹೊಳೆಯಿತು. ಆ ಕಾಲದ ಮನೆಗಳಲ್ಲಿ ನೀರೊಲೆಗೆ ಹೊಗೆಗೂಡು ಇರುತ್ತಿತ್ತು. ನಮ್ಮ ಮನೆಯಲ್ಲಿ ನೀರು ಕಾಯಿಸಲು ಕರೆಂಟಿನ ಕಾಯಿಲ್ ಬಂದು, ನೀರೊಲೆ ತಣ್ಣಗೆ ಕೂತಿತ್ತು. ಒಲೆಯ ಗೂಡಿನೊಳಗೆ ಪಾತ್ರೆ ಇಟ್ಟು, ಬಾಯಿಗೆ ತಗಡು ಮುಚ್ಚಿದರೆ ಹೊಗೆಯೆಲ್ಲ ಗೂಡಿನಿಂದ ಮೇಲಕ್ಕೆ ಹೋಗಿ ಆಕಾಶ ಸೇರುತ್ತದೆ. ಹೋಯಿತು ಕೂಡ. ಅಂಗಳದಲ್ಲಿ ವಾಸನೆ ನಿಂತಿತು. ಕೆಮ್ಮು ನಿಂತಿತು. ಹೊಗೆಯನ್ನು ಮೇಲೆ ಕಳಿಸಲು ಕೆಳಗೊಂದು ಚಿಕ್ಕ ಫ್ಯಾನನ್ನೂ ಇಟ್ಟೆ. ನಾನು ಅಷ್ಟು ಬುದ್ಧಿವಂತನೆಂದು ನನಗೇ ಗೊತ್ತಿರಲಿಲ್ಲ ಎಂದು ಹೆಮ್ಮೆಪಟ್ಟೆ.

ರುದ್ರಾಚಾರ್ ಹಿಂದೆಯೇ ಹೇಳಿದ್ದರು. ಆಸಿಡ್‌ನಿಂದ ಏಳುವ ಕೆಂಪು ಹೊಗೆ ಸೌದೆ ಹೊಗೆಯಲ್ಲ, ಭಾರ, ನೆಲ ಹಿಡಿದು ಹರಿಯುತ್ತದೆ ಎಂದಿದ್ದರು. ಅರ್ಥವಾಗದೆ ತಲೆಯಾಡಿಸಿ ಬಂದ ಮಾತುಗಳಲ್ಲಿ ಅದೂ ಒಂದು. ಹುಟ್ಟಿದಾಗಿನಿಂದ ಸೌದೆ ಹೊಗೆ ಗೂಡಿನಿಂದ ಮೇಲೇರುವುದನ್ನೇ ನೋಡಿದವನು ನಾನು. ನಮ್ಮ ಹೊಗೆಗೂಡು ತಾರಸಿಯ ಮೇಲೆ ಮೊಳಕಾಲೆತ್ತರಕ್ಕಷ್ಟೇ ಇತ್ತು. ಗೂಡಿನ ಬಾಯಿ ದಾಟಿದ ಹೊಗೆ ಆಕಾಶಕ್ಕೆ ಹೋಗದೆ, ಅಂಚಿನಿಂದ ಚೆಲ್ಲಿ ತಾರಸಿಯ ಗಾರೆಯ ಮೇಲೆ ಹರಡಿಕೊಳ್ಳುತ್ತಿತ್ತು. ನಾನು ಕಾಯಿಸುತ್ತಿದ್ದ ಸುಡುಬಿಸಿಲಿನ ಹೊತ್ತಿನಲ್ಲಿ ಯಾರೂ ಮೇಲೆ ಹೋಗುತ್ತಿರಲಿಲ್ಲ. ನಾನೂ ಒಂದು ದಿನವೂ ಹತ್ತಿ ನೋಡಲಿಲ್ಲ.

ತಾರಸಿಯ ಮೇಲೆ ಒಣಗುತ್ತಿದ್ದದ್ದು ಜಾನಕಮ್ಮನವರ ಹಪ್ಪಳ.

ಜಾನಕಮ್ಮ ವಠಾರದ ನಡುವಿನ ಮನೆಯವರು. ಗಂಡ ತೀರಿಕೊಂಡ ಮೇಲೆ ಉದ್ದಿನ ಹಪ್ಪಳ ಮಾಡಿ ಮಗಳನ್ನು ಓದಿಸಿದವರು. ಮಲ್ಲೇಶ್ವರ, ಬಸವನಗುಡಿಯ ಎಷ್ಟೋ ಮನೆಗಳಿಗೆ, ಮದುವೆಗಳಿಗೆ ಅವರ ಹಪ್ಪಳವೇ ಆಗಬೇಕು. ಕೊಳ್ಳುವವರು ರುಚಿಯ ಜೊತೆಗೆ ಮಡಿಯನ್ನೂ ವಿಚಾರಿಸುತ್ತಿದ್ದರು. ವಯಸ್ಸಾಗಿ ಹಿಟ್ಟು ಕುಟ್ಟುವುದು ಕಷ್ಟವಾದಾಗ ಅವರು ರೈಲು ಹಳಿಯ ಆಚೆ, ಶ್ರೀರಾಂಪುರದಿಂದ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸನ್ನೇ ಒಳಗೆ ಕರೆದು ಒರಳಿನ ಮುಂದೆ ಕೂರಿಸಿದರು. ಆಕೆಯ ಗಂಡ ಗಿರಣಿ ಕೆಲಸದವನು, ಗಿರಣಿ ನಿಂತು ಮನೆಯಲ್ಲಿದ್ದ. ಮನೆ ನಡೆಯುತ್ತಿದ್ದದ್ದು ಆಕೆಯ ದುಡಿಮೆಯಿಂದ. ವಠಾರದಲ್ಲಿ ನಾವೆಲ್ಲ ಆಕೆಯನ್ನು ಶ್ರೀರಾಂಪುರದವಳು ಎಂದೇ ಕರೆಯುತ್ತಿದ್ದೆವು. ಹೆಸರು ನನಗೆ ಗೊತ್ತಿತ್ತು. ಇಲ್ಲಿ ಅದನ್ನು ಬರೆಯಲು ಇನ್ನೂ ಕೈ ಬರುತ್ತಿಲ್ಲ.

ಆಕೆ ಒಳಗೆ ಕೂತದ್ದು ಗುಸುಗುಸುವಿಗೆ ಕಾರಣವಾಯಿತು. ಯಾವ ಜನವೋ ಏನೋ, ಅವಳು ಕಲಸಿದ ಹಪ್ಪಳವನ್ನು ದೇವರ ಎಡೆಗೆ ಹೇಗೆ ಬಡಿಸುವುದು ಎಂದು ಜಗಲಿಯ ಮೇಲೆ ಮಾತಾಯಿತು. ಜಾನಕಮ್ಮ ಬಗ್ಗಲಿಲ್ಲ. ಸ್ನಾನ ಮಾಡಿಯೇ ಬರುತ್ತಾಳೆ, ಕೈ ನನ್ನದಕ್ಕಿಂತ ಚೊಕ್ಕ, ಬೇಡದವರು ಕೊಳ್ಳಬೇಡಿ ಎಂದುಬಿಟ್ಟರು. ಹಪ್ಪಳ ಎಂದಿನಂತೆ ಬೆಳ್ಳಗೆ, ತೆಳ್ಳಗೆ ಬರುತ್ತಿದ್ದುದರಿಂದ ಮಾತು ಅಡಗಿತು. ಆದರೆ ಎಲ್ಲರ ಕಣ್ಣೂ ಆಕೆಯ ಕೈಯ ಮೇಲೇ ಇತ್ತು. ಒಂದು ಹಪ್ಪಳ ಕೆಟ್ಟರೂ ಯಾರ ತಲೆಗೆ ಬರುತ್ತದೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನನಗೆ ಗೊತ್ತಿತ್ತು.

ಸಂಕ್ರಾಂತಿ ಕಳೆದು ಬಿಸಿಲು ಬಲಿಯುವ ಹೊತ್ತು, ಮದುವೆಯ ಹಪ್ಪಳಗಳು ತಯಾರಾಗುವ ಕಾಲ. ಬಸವನಗುಡಿಯ ಒಂದು ಮದುವೆಗೆ ಹೋದ ಮೂಟೆ ವಾಪಸು ಬಂತು. ಎಣ್ಣೆಗೆ ಹಾಕಿದರೆ ಅಲ್ಲಲ್ಲಿ ಅರಳುತ್ತಿಲ್ಲ, ಬಣ್ಣ ಕಿತ್ತಳೆಯಾಗುತ್ತದೆ, ಏನೋ ವಾಸನೆ, ಎಲೆಗೆ ಬಡಿಸಲಾರೆ ಎಂದು ಅಡುಗೆ ಭಟ್ಟರು ಹೇಳಿಕಳಿಸಿದ್ದರು. ಮೂಟೆ ವಠಾರದ ಅಂಗಳದ ನಡುವೆ ಇಳಿಯಿತು. ಹೆಂಗಸರೆಲ್ಲ ಬಾಗಿಲಿಗೆ ಬಂದರು.

ಜಾನಕಮ್ಮ ಒಂದು ಹಸಿ ಹಪ್ಪಳ, ಒಂದು ಕರಿದದ್ದು ಹಿಡಿದುಕೊಂಡು ನೇರವಾಗಿ ನಮ್ಮ ಮನೆಗೆ ಬಂದರು. ಹಿಂದೆಯೇ ಶ್ರೀರಾಂಪುರದವಳೂ ಬಂದು ಮೆಟ್ಟಿಲ ಕೆಳಗೆ ನಿಂತಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು.

"ಶೀನ, ನೀನು ಕಾರ್ಖಾನೇಲಿ ಕೆಮಿಕಲ್ ಮಧ್ಯೆ ಇದ್ದೋನು. ಇದೇನಾಗಿದೆ ಅಂತ ನೋಡಿ ಹೇಳಪ್ಪ. ನಂಗೆ ಕೈಕಾಲೇ ಆಡ್ತಿಲ್ಲ" ಎಂದರು.

ಹಸಿ ಹಪ್ಪಳವನ್ನು ಕೈಗೆ ತೆಗೆದುಕೊಂಡೆ. ಅಂಚಿನಲ್ಲೆಲ್ಲ ಹಳದಿ. ನನ್ನ ತೋರುಬೆರಳು ಅದರ ಪಕ್ಕದಲ್ಲೇ ಇತ್ತು. ಎರಡೂ ಒಂದೇ ಬಣ್ಣ. ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹೊಗೆಗೂಡು, ತಾರಸಿ, ಆಚಾರ್ ಹೇಳಿದ ಮಾತು, ಎಲ್ಲ ಒಟ್ಟಿಗೇ ತಲೆಗೆ ಬಂದವು. ಹಿಂದೆಯೇ ಪೊಲೀಸರು, ಮನೆ ಬಿಡಿಸುವ ಮಾಲೀಕರು, ವಠಾರದವರ ಮುಖಗಳು ಬಂದವು.

ಹಪ್ಪಳ ಅರಳಲೆಂದು ಹಾಕುವ ಸೋಡಾದಂಥ ಪುಡಿ, ಹಪ್ಪಳಖಾರ, ಹೆಚ್ಚುಕಡಿಮೆ ಆಗಿರಬೇಕು ಎಂದೆ.

"ಇಲ್ಲ ಸಾಮಿ. ಖಾರ ಅಮ್ಮಾರೇ ಅಳ್ದು ಕೊಡ್ತಾರೆ, ನಾನು ಕುಟ್ಟೋದಷ್ಟೇಯ" ಎಂದಳು ಆಕೆ. ಆಮೇಲೆ ನನ್ನ ಕೈಯನ್ನೇ ನೋಡಿ, "ನಿಮ್ ಬೆರಳ್ಗೂ ಇದೇ ಬಣ್ಣ ಐತಲ್ಲ ಸಾಮಿ, ನೋಡಿ. ಇದು ಯಾತ್ರಿಂದ ಆಯ್ತದೆ?" ಎಂದಳು.

ಆ ಮಾತಿನಲ್ಲಿ ಆರೋಪ ಇರಲಿಲ್ಲ. ಈತನಿಗೂ ಇದೇ ಆಗಿದೆ, ಹಾಗಾದರೆ ಈತನಿಗೆ ಪರಿಹಾರವೂ ಗೊತ್ತಿರುತ್ತದೆ ಎಂಬ ಆಸೆ ಮುಖದಲ್ಲಿತ್ತು. ಆದರೆ ಬಾಗಿಲುಗಳಲ್ಲಿ ನಿಂತಿದ್ದವರೆಲ್ಲ ನನ್ನ ಬೆರಳನ್ನು ನೋಡಿದರು. ನಾನು ಕೈಯನ್ನು ಪಂಚೆಯೊಳಗೆ ಸರಿಸಿದೆ. ಆಮೇಲೆ ಆಡಿದ ಮಾತನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ.

"ಇದು ಅರಿಶಿನ. ಜಾನಕಮ್ಮ, ಹಿಟ್ಟು ಮುಟ್ಟೋ ಕೈ ಶುದ್ಧ ಇರ್ಬೇಕು. ಎಲ್ಲೆಲ್ಲಿ ಏನೇನ್ ಮುಟ್ಟಿ ಬಂದಿರ್ತಾರೋ ನಮಗೇನ್ ಗೊತ್ತು."

ಅಂಗಳದಲ್ಲಿ ಯಾರೋ, ನಾವು ಅವತ್ತೇ ಹೇಳಿದ್ವಲ್ಲ ಎಂದರು. ಆಕೆ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಜಾನಕಮ್ಮ ಆಕೆಯ ಕಡೆಗೆ ತಿರುಗಿದರು. ಅಷ್ಟು ದಿನ ಬಗ್ಗದೆ ನಿಂತಿದ್ದವರು ಆ ದಿನ ಬಗ್ಗಿದರು.

"ನಾಲ್ಕು ದಿನ ಬರ್ಬೇಡ ತಾಯಿ. ನೋಡಣ" ಎಂದರು.

ಒಳಗೆ ವಿಶಾಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅನ್ನ ಬಡಿಸುವಾಗ, ಅದು ನಮ್ಮ ಹೊಗೆಯಲ್ಲವೇ ಎಂದು ಒಂದೇ ಮಾತು ಕೇಳಿದಳು. ನಾನು ಬಾಯಿ ಮುಚ್ಚು ಎಂದೆ. ಮತ್ತೆಂದೂ ಅವಳು ಆ ವಿಷಯ ಎತ್ತಲಿಲ್ಲ. ಅವಳ ಆ ಮೌನವೂ ನನ್ನ ಲೆಕ್ಕಕ್ಕೇ ಸೇರಬೇಕು.

ಮರುದಿನದಿಂದ ಬಚ್ಚಲುಮನೆಯಲ್ಲಿ ಆಸಿಡ್ ಕಾಯಿಸುವುದನ್ನು ನಿಲ್ಲಿಸಿದೆ. ಮಾಗಡಿ ರಸ್ತೆಯ ಕಡೆ, ಊರಾಚೆ ಒಂದು ಶೆಡ್ಡು ಹಿಡಿದೆ. ಹೊಗೆ ನಿಂತರೆ ತಪ್ಪು ಸರಿಹೋಗುತ್ತದೆ ಎಂದು ನಾನು ನಿಜವಾಗಿಯೂ ಎಣಿಸಿದ್ದೆ. ನಡೆದದ್ದು ಬೇರೆ. ಜಾನಕಮ್ಮ ತಮ್ಮ ಕೈಯಾರೆ ಕಲಸಿ ತಾರಸಿಗೆ ಹಾಕಿದ ಹಪ್ಪಳ ಬೆಳ್ಳಗೆ ಒಣಗಿತು, ಎಣ್ಣೆಯಲ್ಲಿ ಚೆನ್ನಾಗಿ ಅರಳಿತು. ಅವಳು ಹೋದಳು, ಹಪ್ಪಳ ಸರಿಹೋಯಿತು ಎಂದು ವಠಾರ ತೀರ್ಮಾನಿಸಿತು. ನಾನು ಕೆಲಸ ನಿಲ್ಲಿಸಿದ್ದೇ ಆಕೆಯ ವಿರುದ್ಧ ಸಾಕ್ಷಿಯಾಯಿತು. ಹೊಗೆಯನ್ನು ಒಂದೇ ಒಂದು ದಿನ ಮುಂದುವರಿಸಿದ್ದರೂ ಜಾನಕಮ್ಮನವರ ಹಪ್ಪಳವೂ ಹಳದಿಯಾಗಿ ಆಕೆ ಗೆಲ್ಲುತ್ತಿದ್ದಳು. ಈ ಯೋಚನೆ ಶೆಡ್ಡಿನಲ್ಲಿ ಕೂತಾಗ ಬರುತ್ತಿತ್ತು. ಬಂದಾಗ ಎದ್ದು ಹೊರಗೆ ನಿಲ್ಲುತ್ತಿದ್ದೆ.

ನಾಲ್ಕು ದಿನವೆಂದದ್ದು ಕೊನೆಯಾಗಲೇ ಇಲ್ಲ. ಯಾರೂ ಆಕೆಯನ್ನು ಮತ್ತೆ ಕರೆಯಲಿಲ್ಲ.

ಶೆಡ್ಡಿನ ಕೆಲಸ ಕೆಲವು ವರ್ಷ ನಡೆಯಿತು. ಎರಡು ಸಾವಿರದ ನಂತರ ದೊಡ್ಡವರು ಲಾರಿಗಟ್ಟಲೆ ಸಾಮಾನು ಎತ್ತಲು ಶುರುಮಾಡಿದರು, ನನ್ನಂಥವರಿಗೆ ಉಳಿದದ್ದು ಬರೀ ಜೊಳ್ಳು. ಎದೆಯೂ ಹಿಡಿದುಕೊಳ್ಳತೊಡಗಿತ್ತು. ಡಾಕ್ಟರು ಕೇಳಿದಾಗ ಅವರಿಗೂ ಬೆಳ್ಳಿ ಪಾಲಿಶ್ ಎಂದೇ ಹೇಳಿದೆ. ಅವರು ಅದಕ್ಕೆ ತಕ್ಕ ಔಷಧಿ ಕೊಟ್ಟರು. ಸುಳ್ಳು ಹೇಳಿದವನಿಗೆ ಔಷಧಿಯೂ ಹಾಗೆಯೇ ಸಿಗುತ್ತದೆ. ಕೆಲಸ ಬಿಟ್ಟೆ.

ಬಿಟ್ಟ ಮೇಲೆ, ವಿಶಾಲ ಇನ್ನೂ ಇದ್ದಾಗಲೇ, ಅವಳಿಗೂ ಹೇಳದೆ ಒಂದು ದಿನ ಕುಮಾರ ಪಾರ್ಕಿಗೆ ಹೋದೆ. ಜಾನಕಮ್ಮ ಆಗ ಅಲ್ಲಿ ಮಗಳ ಮನೆಯಲ್ಲಿದ್ದರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ನನ್ಹತ್ರ ಯಾಕೋ ಹೇಳ್ತೀಯ? ನಂಗೇನ್ ಹೋಯ್ತು? ನಾನು ಹಪ್ಪಳ ಮಾರ್ಕೊಂಡೇ ಬಂದೆ. ಅವಳು ಆಮೇಲೊಂದ್ಸಲ ಗೇಟ್ ಹತ್ರ ಬಂದಿದ್ಲು. ಯಾವುದೋ ಮೆಸ್ಸಲ್ಲಿ ಚಪಾತಿ ಮಾಡೋ ಕೆಲ್ಸ ಇತ್ತಂತೆ. ಇವಳ ಕೈ ಚೆನ್ನಾಗಿದೆ ಅಂತ ಒಂದ್ಮಾತು ಹೇಳಿ ಅಮ್ಮ ಅಂದ್ಲು. ನಾನು ಹೇಳ್ಲಿಲ್ಲ. ಹೋಗು, ಅವಳಿಗೆ ಹೇಳು. ನಂದೂ ಸೇರಿಸಿ ಹೇಳು."

ಹೋದೆ. ರೈಲು ಹಳಿ ದಾಟಿ ಶ್ರೀರಾಂಪುರದ ಗಲ್ಲಿಗಳಲ್ಲಿ ವಿಚಾರಿಸುತ್ತ ಹೋದರೆ ಮನೆ ಸಿಕ್ಕಿತು. ಆಕೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಎದ್ದು ನಿಂತಳು.

"ಬೆಳ್ಳಿ ಪಾಲಿಶ್ ಸಾಮಿ ಅಲ್ವಾ? ಏನ್ ಇಷ್ಟು ದೂರ? ಅಮ್ಮಾರು ಚೆನ್ನಾಗವ್ರಾ?"

ಚೆನ್ನಾಗಿದ್ದಾರೆ ಎಂದೆ. ನೀನು ಹೇಗಿದ್ದೀಯ ಎಂದು ಕೇಳಿದೆ. ಹೊರಗಿನ ಕೆಲಸ ಮಾಡಿಕೊಂಡಿದ್ದೇನೆ, ಪಾತ್ರೆ, ಬಟ್ಟೆ, ಕಸ ಎಂದಳು. ಮೆಸ್ಸಿನ ಕೆಲಸ ತಪ್ಪಿದ ಮೇಲೂ ಅಡುಗೆಯ ಕೆಲಸಕ್ಕೆ ಕರೆದವರು ಇದ್ದರು, ತಾನೇ ಹೋಗಲಿಲ್ಲವಂತೆ. ಯಾಕೆ ಎಂದೆ.

"ಬ್ಯಾಡ ಸಾಮಿ. ಆಮ್ಯಾಕೆ ಅಮ್ಮಾರೇ ಕಲಸಿದ್ರೆ ಸರಿಯಾಯ್ತಲ್ಲ. ನನ್ ಕೈಯಾಗೇ ಏನೋ ಇರ್ಬೇಕು. ಇನ್ನೊಬ್ರು ಉಣ್ಣೋದನ್ನ ಮುಟ್ಟಾಕೆ ಭಯ ಆಯ್ತದೆ" ಎಂದು ನಕ್ಕಳು.

ನಾನು ಹೇಳಲು ಹೋದ ಮಾತು ಬಾಯಿಯಲ್ಲೇ ಇತ್ತು. ಅಷ್ಟು ವರ್ಷ ಆಕೆ ತನ್ನ ಕೈಯನ್ನೇ ಅನುಮಾನಿಸಿಕೊಂಡು ಬದುಕಿದ್ದಾಳೆ ಎಂದು ತಿಳಿದ ಮೇಲೆ, ಅದನ್ನು ಹೇಳುವುದು ಸುಲಭವಾಗಬೇಕಿತ್ತು. ಇನ್ನೂ ಕಷ್ಟವಾಯಿತು. ಈ ಕಡೆ ಏನೋ ಕೆಲಸವಿತ್ತು, ಹೋಗುತ್ತಾ ನೋಡಿದೆ ಎಂದೆ. ಕಾಫಿ ಕುಡಿದು ಹೋಗಿ ಎಂದಳು. ಆಮೇಲೆ ತಾನೇ, ನಮ್ಮನೇಲಿ ಕುಡಿಯಲ್ವೇನೋ ಎಂದಳು. ಹಾಗೇನಿಲ್ಲ, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ. ಅಲ್ಲಿಂದ ನಮ್ಮ ಮನೆಗೆ ಬಸ್ಸೇ ಬೇಕಿರಲಿಲ್ಲ. ನಡೆದೇ ಬಂದೆ.

ಮತ್ತೆ ಹೋಗಲು ಧೈರ್ಯ ಕೂಡಿಸಿಕೊಳ್ಳುವ ಹೊತ್ತಿಗೆ ಆ ಸಾಲಿನ ಮನೆಗಳನ್ನು ಕೆಡವಿದ್ದರು. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಪಕ್ಕದ ಅಂಗಡಿಯವರಿಗೂ ಗೊತ್ತಿಲ್ಲ. ಈಗಲೂ ಆ ಕಡೆ ಹೋದಾಗ ಕೇಳುತ್ತೇನೆ.

ಚಿನ್ನ ತೆಗೆಯಲು ಹೊರಟಿರುವ ತರುಣರೇ, ಮನೆಯಲ್ಲಿ ಮಾಡಬೇಡಿ. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಹತ್ತಿ ನೋಡದೆ ಏನನ್ನೂ ಕಾಯಿಸಬೇಡಿ. ಯಾರಾದರೂ ಬಾಗಿಲಿಗೆ ಬಂದು ಇದೇನು ಎಂದು ಕೇಳಿದರೆ, ಗೊತ್ತಿದ್ದದ್ದನ್ನು ಆಗಲೇ ಹೇಳಿಬಿಡಿ. ಆಮೇಲೆ ಹೇಳುತ್ತೇನೆಂದರೆ ಬಾಯಿ ಬರುವುದಿಲ್ಲ.

ಆ ಹಿಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಕೈಗಳಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಓದಿದವರಲ್ಲಿ ಯಾರಿಗಾದರೂ ಅವರ ಪರಿಚಯವಿದ್ದರೆ, ದಯವಿಟ್ಟು ಇಷ್ಟನ್ನು ಅವರಿಗೆ ತಲುಪಿಸಿ. ನಾನು ಅವರಲ್ಲಿ ಕ್ಷಮೆ ಕೇಳಿಲ್ಲ. ಅವರ ಹೆಸರು ಮುನಿರತ್ನಮ್ಮ.